ನಿಮ್ಮ ಹಿತ್ತಿಲಿನ ಐರಿಸ್ ನಿಜವಾಗಿ ಐರಿಸ್ಸೇ? ಗುರುತಿಸುವುದು ಹೀಗೆ

ಮಂಗಳೂರು, ಉಡುಪಿ ಕಡೆಯ ಅಂಗಳಗಳಲ್ಲಿ ‘ಐರಿಸ್’ ಅನ್ನಿಸಿಕೊಳ್ಳುವ ಗಿಡಗಳಲ್ಲಿ ಹೆಚ್ಚಿನವು ಅದರ ದಾಯಾದಿಗಳು. ಎಲೆ ಕತ್ತಿಯ ಹಾಗಿದೆ, ಹೂವು ನೀಲಿ-ಬಿಳಿ ಇದೆ, ಮೊಬೈಲ್ ಆ್ಯಪ್ ಕೂಡ ಹೌದೆಂದಿತು, ಅಷ್ಟಕ್ಕೇ ಹೆಸರಿಟ್ಟುಬಿಡುತ್ತಾರೆ. ಆ್ಯಪನ್ನು ದೂರಿ ಫಲವಿಲ್ಲ, ನಾವು ಅದಕ್ಕೆ ಕೊಡುವ ಫೋಟೊವೇ ಅರೆಬರೆ. ಎಲ್ಲರೂ ಹೂವನ್ನು ಮೇಲಿನಿಂದ ಕ್ಲಿಕ್ಕಿಸುತ್ತಾರೆ. ಗುರುತು ಸಿಗುವುದು ಹೂವಿನ ನಡುವೆ, ಹೂವಿನ ಅಡಿಯಲ್ಲಿ ಮತ್ತು ಎಲೆಯ ಬುಡದಲ್ಲಿ. ಈ ಮೂರರ ಫೋಟೊ ಇಲ್ಲದೆ ಯಾರನ್ನೂ ಕೇಳಲು ಹೋಗಬೇಡಿ.

ಬೇಕಾಗುವುದು 10 ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರ, ಒಂದು ಸ್ಕೇಲು, ಒಂದು ಬ್ಲೇಡು. ಬೆಳಿಗ್ಗೆ 10 ಗಂಟೆಯೊಳಗೆ ಕುಳಿತುಕೊಳ್ಳಿ. ಇವುಗಳಲ್ಲಿ ಹಲವು ಒಂದೇ ದಿನದ ಹೂಗಳು, ಸಂಜೆಗೆ ಮುದುಡಿ ಹೋಗುತ್ತವೆ.

ಹೆಜ್ಜೆ 1: ಎಲೆಯ ಬುಡ

ಎಲೆಗಳು ಬೀಸಣಿಗೆಯಂತೆ ಒಂದೇ ಸಮತಲದಲ್ಲಿ ಹರಡಿರಬೇಕು. ಬುಡದಲ್ಲಿ ಉಗುರು ಹಾಕಿ ನೋಡಿದರೆ ಪ್ರತಿ ಎಲೆಯೂ ಮಡಿಚಿಕೊಂಡು ಮುಂದಿನ ಎಲೆಯನ್ನು ಕವುಚಿ ಹಿಡಿದಿರುತ್ತದೆ. ಮೇಲ್ಮೈ, ಕೆಳಮೈ ಎಂಬ ಭೇದ ಕಾಣದು.

ಇಲ್ಲೊಂದು ಎಚ್ಚರಿಕೆ. ನಮ್ಮ ಬಜೆ ಗಿಡದ ಎಲೆಯೂ ಹೀಗೇ. ನೀರಿನ ಬದಿಯಲ್ಲಿ ಬೆಳೆಯುವ ಹಳದಿ ಐರಿಸ್‌ಗೆ ಸಸ್ಯವಿಜ್ಞಾನಿಗಳು ಇಟ್ಟ ‘ಸ್ಯೂಡಾಕೋರಸ್’ ಎಂಬ ಹೆಸರಿನ ಅರ್ಥವೇ ‘ಹುಸಿ ಬಜೆ’ ಎಂದು. ಎಲೆಯನ್ನು ಹಿಸುಕಿ ಮೂಸಿ: ಬಜೆಯಾದರೆ ಘಮ್ಮೆನ್ನುವ ಪರಿಮಳ ಕೈಗೆ ಅಂಟುತ್ತದೆ, ಐರಿಸ್‌ಗೆ ಬರೀ ಹಸಿ ಸೊಪ್ಪಿನ ವಾಸನೆ. ಬಜೆಯ ಹೂವಂತೂ ಎಲೆಯ ಮಗ್ಗುಲಿನಿಂದ ಓರೆಯಾಗಿ ಚಾಚಿದ ಹಸಿರು ಕೋಲು, ದಳಗಳು ಕಣ್ಣಿಗೆ ಬೀಳುವುದೇ ಇಲ್ಲ. ಐರಿಸ್ ಗೆಡ್ಡೆ ಹೊಟ್ಟೆಗೆ ಹೋದರೆ ವಾಂತಿ-ಭೇದಿ, ರಸ ತಾಗಿದರೆ ಕೆಲವರಿಗೆ ತುರಿಕೆ. ಹೂವಿಲ್ಲದ ಗಿಡದ ಗೆಡ್ಡೆ ಕಿತ್ತು ‘ಬಜೆ ಇರಬಹುದು’ ಎಂದು ಮಗುವಿಗೆ ತೇಯುವ ಯೋಚನೆ ಬೇಡವೇ ಬೇಡ.

ಹೆಜ್ಜೆ 2: ಕೇಸರ ಎಣಿಸಿ

ಪರಾಗ ಹೊತ್ತ ಎಳೆಗಳೇ ಕೇಸರ. ಅವು ಮೂರಿದ್ದು, ಕಾಯಿಯಾಗುವ ಗಂಟು ದಳಗಳ ಕೆಳಗಿದ್ದರೆ ಐರಿಸ್ ಕುಟುಂಬ. ಆರಿದ್ದರೆ ಲಿಲ್ಲಿ, ಸ್ಪೈಡರ್ ಲಿಲ್ಲಿಯಂಥವು, ಅಲ್ಲಿಗೆ ಬಿಡಿ. ಗ್ಲಾಡಿಯೋಲಸ್ಸೂ ಇದೇ ಕುಟುಂಬದ್ದು, ಕಾಶ್ಮೀರದ ಕೇಸರಿಯೂ ಇದೇ ಕುಟುಂಬದ್ದು.

ಹೆಜ್ಜೆ 3: ಹೂವಿನ ನಡುವನ್ನು ಬಿಚ್ಚುವುದು

ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೋಗೋಣ. ಕಲಿಯುವುದಕ್ಕೆ ಹೂಗುಚ್ಛದ ಅಂಗಡಿಯಲ್ಲಿ ಒಂದು ಡಚ್ ಐರಿಸ್ ಸಿಕ್ಕಿದರೆ ಅದೇ ಒಳ್ಳೆಯದು. ಒಂದೇ ಕಡ್ಡಿ ಸಾಕು.

ಐರಿಸ್ ಹೂವನ್ನು ಮೇಲಿನಿಂದ ಕಂಡವರು ‘ಒಂಬತ್ತು ದಳ’ ಎನ್ನುತ್ತಾರೆ. ಇರುವುದು ಆರು. ಹೊರಗಿನ ಮೂರು ಕೆಳಕ್ಕೆ ಬಾಗಿರುತ್ತವೆ, ಅವನ್ನು ಇಳಿದಳ ಎನ್ನೋಣ. ಒಳಗಿನ ಮೂರು ಸಾಮಾನ್ಯವಾಗಿ ನೆಟ್ಟಗೆ ನಿಂತಿರುತ್ತವೆ, ಅವು ನಿಲುದಳ. ಉಳಿದ ಮೂರು ದಳಗಳೇ ಅಲ್ಲ. ಬೇರೆ ಹೂಗಳಲ್ಲಿ ಎಳೆಯಂತೆ ಇರುವ ಶಲಾಕೆ (ಕಾಯಿಯಾಗುವ ಗಂಟಿನಿಂದ ಮೇಲೇಳುವ ಹೆಣ್ಣು ಭಾಗ) ಇಲ್ಲಿ ಮೂರಾಗಿ ಸೀಳಿ, ಅಗಲವಾಗಿ, ಬಣ್ಣ ತುಂಬಿಕೊಂಡು ದಳದ ವೇಷ ಹಾಕಿದೆ.

ಈಗ ಒಂದು ಇಳಿದಳವನ್ನು ಎಡಗೈ ಹೆಬ್ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ. ಅದರ ಮೇಲೆ ಶಲಾಕೆಯ ಕವಲು ಕಮಾನಿನ ಹಾಗೆ ಬಾಗಿ ಒಂದು ಸುರಂಗವಾಗಿರುತ್ತದೆ. ಕವಲನ್ನು ಎತ್ತಿದರೆ ಅದರ ಹೊಟ್ಟೆಗೆ ಅಂಟಿಕೊಂಡಂತೆ ಒಂದು ಕೇಸರ ಅಡಗಿದೆ. ತುದಿಯ ಕಡೆ, ಕೆಳಮೈಯಲ್ಲಿ, ಉಗುರಂಚಿನಷ್ಟು ತೆಳುವಾದ ತುಟಿ ಕಾಣುತ್ತದೆಯೇ? ಪರಾಗ ಸ್ವೀಕರಿಸುವ ಜಾಗ ಅದೇ. ಜೇನುನೊಣ ಸುರಂಗಕ್ಕೆ ನುಗ್ಗುವಾಗ ಬೆನ್ನಿನ ಮೇಲಿನ ಪರಾಗ ಈ ತುಟಿಗೆ ಒರಸಿಕೊಳ್ಳುತ್ತದೆ, ಹಿಂದಕ್ಕೆ ಬರುವಾಗ ತುಟಿ ಮಡಚಿಕೊಳ್ಳುವುದರಿಂದ ಅದೇ ಹೂವಿನ ಪರಾಗ ತಾಗುವುದಿಲ್ಲ. ಮಸೂರ ಹಿಡಿದು ಇದನ್ನೊಮ್ಮೆ ನೋಡಿದವರು ಮತ್ತೆ ಐರಿಸ್‌ನ ಬಣ್ಣದ ಬಗ್ಗೆ ಅಷ್ಟಾಗಿ ಮಾತಾಡುವುದಿಲ್ಲ.

ಕೊನೆಯದಾಗಿ ಬ್ಲೇಡಿನಿಂದ ಹೂವನ್ನು ಉದ್ದಕ್ಕೆ ಸೀಳಿ. ಐರಿಸ್‌ನಲ್ಲಿ ದಳಗಳು ಬುಡದಲ್ಲಿ ಕೂಡಿಕೊಂಡು ಕೊಳವೆಯಾಗಿರುತ್ತವೆ, ಕೆಲವದರಲ್ಲಿ ಅದು ಬಹಳ ಗಿಡ್ಡ. ಆಫ್ರಿಕನ್ ಐರಿಸ್ ಎಂದು ಮಾರುವ ಡಯೇಟಿಸ್‌ನಲ್ಲಿ ಕೊಳವೆ ಇಲ್ಲ, ಆರು ದಳಗಳೂ ಬಿಡಿಬಿಡಿಯಾಗಿ ಕಳಚಿಕೊಳ್ಳುತ್ತವೆ. ದಳ ಕಿತ್ತು ಪರೀಕ್ಷಿಸುವ ಅಡ್ಡದಾರಿ ಬೇಡ, ಕೊಳವೆಯೂ ಹರಿದು ಬಂದು ಬಿಡಿ ದಳದಂತೆಯೇ ಕಾಣುತ್ತದೆ.

ಹೆಜ್ಜೆ 4: ನಮ್ಮಲ್ಲಿರುವುದು ಯಾವುದು?

ತೆಂಗಿನ ಬುಡದ ನೆರಳಲ್ಲಿ, ಪಾಗಾರದ ಬದಿಯಲ್ಲಿ ಹಿಂಡುಗಟ್ಟಿ ಬೆಳೆಯುವುದು ನಡೆಯುವ ಐರಿಸ್, ಬ್ರೆಜಿಲ್ ಮೂಲದ್ದು. ನರ್ಸರಿಯ ಚೀಟಿಯಲ್ಲಿ ಅದರ ಸಸ್ಯವಿಜ್ಞಾನದ ಹೆಸರು ನಿಯೊಮಾರಿಕ ಎಂದಿರಬಹುದು, ಟ್ರೈಮೀಜಿಯ ಎಂದೂ ಇರಬಹುದು. ಹೊರಗಿನ ಮೂರು ದಳ ಬಿಳಿ, ಒಳಗಿನ ಮೂರು ಸಣ್ಣವು, ನೀಲಿ ಬಣ್ಣದವು, ಹೊರಕ್ಕೆ ಸುರುಳಿಯಾದವು, ಬುಡದಲ್ಲಿ ಕಂದು ಪಟ್ಟೆ. ಹೂವು ಎಲೆಯಿಂದಲೇ ಹೊರಟಂತೆ ಕಾಣುತ್ತದೆ; ಹೂಗೋಲು ಎಲೆಯಷ್ಟೇ ಚಪ್ಪಟೆ. ಹೂವು ಬಾಡಿದ ಮೇಲೆ ಅಲ್ಲೇ ಮರಿಗಿಡ ಹುಟ್ಟಿ, ಭಾರಕ್ಕೆ ಕೋಲು ಬಾಗಿ, ನೆಲ ಮುಟ್ಟಿದಲ್ಲಿ ಬೇರು ಬಿಡುತ್ತದೆ. ‘ನಡೆಯುವುದು’ ಹೀಗೆ. ಹಿಂಡಿನ ಹೂಗಳು ಒಂದೇ ಬೆಳಿಗ್ಗೆ ಒಟ್ಟಿಗೆ ಅರಳುವುದುಂಟು, ಆ ದಿನ ಹತ್ತಿರ ಹೋಗಿ ಮೂಸಿ ನೋಡಿ.

ಡಯೇಟಿಸ್‌ನ ಹೂಗೋಲು ತಂತಿಯಂತೆ ಸಪೂರ. ಕೆನೆಹಳದಿ ಹೂವಿನ ಹೊರದಳಗಳಲ್ಲಿ ಕಡು ಕಂದು ಮಚ್ಚೆಯಿದ್ದರೆ ಬೈಕಲರ್ ಎಂಬ ಜಾತಿ. ಬಿಳಿ ಹೂವಿಗೆ ಹಳದಿ ಗುರುತು, ನಡುವೆ ಶಲಾಕೆಯ ನೇರಳೆ ಕವಲು ಇದ್ದರೆ ಇರಿಡಿಯೋಯಿಡಿಸ್ ಎಂಬ ಜಾತಿ. ಇರಿಡಿಯೋಯಿಡಿಸ್‌ನ ಹಳೆಯ ಹೂಗೋಲನ್ನು ಕತ್ತರಿಸಬೇಡಿ, ಅದೇ ಕೋಲಿನಲ್ಲಿ ಮತ್ತೆ ಹೂ ಬರುತ್ತದೆ.

ಹಾಗಾದರೆ ಅಸಲಿ ಐರಿಸ್ ಇಲ್ಲಿ ಇಲ್ಲವೇ? ಇದೆ, ಯಾರೂ ಅದನ್ನು ಐರಿಸ್ ಎನ್ನುವುದಿಲ್ಲ, ಅಷ್ಟೆ. ಕಿತ್ತಳೆ ಬಣ್ಣ, ಮೇಲೆ ಕೆಂಪು ಚುಕ್ಕೆ, ಆರೂ ದಳ ಹೆಚ್ಚುಕಡಿಮೆ ಒಂದೇ ಅಳತೆ, 4–5 ಸೆಂಟಿಮೀಟರ್ ಅಗಲ: ಬ್ಲ್ಯಾಕ್‌ಬೆರಿ ಲಿಲ್ಲಿ. ಬಹುಕಾಲ ಬೆಲಮ್‌ಕಂಡ ಎಂದಿದ್ದ ಇದನ್ನು ಡಿಎನ್‌ಎ ಆಧಾರದ ಮೇಲೆ 2005ರಲ್ಲಿ ‘ಐರಿಸ್ ಡೊಮೆಸ್ಟಿಕ’ ಎಂದು ಬದಲಿಸಿದರು. ಮೂರನೆಯ ಹೆಜ್ಜೆಯ ಪರೀಕ್ಷೆಯಲ್ಲಿ ಇದು ನಪಾಸು, ಶಲಾಕೆ ದಳದಂತಿಲ್ಲ. ಹಾಗಾಗಿ ಇದನ್ನು ಬೇರೆಯಾಗಿಯೇ ನೆನಪಿಡಿ. ಬಾಡಿದ ಹೂವು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತದೆ, ಕಾಯಿ ಒಡೆದರೆ ಮಿರುಗುವ ಕರಿ ಬೀಜಗಳ ಗೊಂಚಲು.

ಹೆಜ್ಜೆ 5: ಗಡ್ಡವೋ, ಜುಟ್ಟೋ

ಇದು ಪ್ರವಾಸ ಹೋದಾಗಿನ ಪಾಠ. ಇಳಿದಳದ ನಡುವೆ ಕಂಬಳಿಹುಳದಂತೆ ರೋಮದ ಸಾಲಿದ್ದರೆ ಗಡ್ಡದ ಐರಿಸ್. ಕಾಶ್ಮೀರದಲ್ಲಿ ಗೋರಿಗಳ ಮೇಲೆ ನೆಡುವ ಬಿಳಿ ಐರಿಸ್ ಈ ಗುಂಪಿನದು. ಹುಂಜದ ಜುಟ್ಟಿನಂತೆ ಏಣು ಎದ್ದಿದ್ದರೆ ಜುಟ್ಟಿನ ಐರಿಸ್. ಎರಡೂ ಇಲ್ಲದೆ ನುಣುಪಾಗಿದ್ದರೆ ಬೋಳು. ಡಚ್ ಐರಿಸ್ ಅಂಥದ್ದು.

ಸ್ಕೇಲು ಬೇಕೆಂದದ್ದು ಇದಕ್ಕೆ: ಸುರತ್ಕಲ್ಲಿನಿಂದ ಮಣಿಪಾಲದವರೆಗೆ ಡೇಟಾ ಸೈನ್ಸ್ ಓದುವ ಮಕ್ಕಳು ಮೂರು ಜಾತಿಗಳ 150 ಐರಿಸ್ ಹೂಗಳ ಅಳತೆಯ ಅಂಕಿಪಟ್ಟಿಯೊಂದನ್ನು ಅರೆದು ಕುಡಿದಿರುತ್ತಾರೆ. ಸಸ್ಯವಿಜ್ಞಾನಿ ಎಡ್ಗರ್ ಆಂಡರ್ಸನ್ ಅಳೆದ ಹೂಗಳವು, ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1936ರಲ್ಲಿ ಬಳಸಿದ್ದರಿಂದ ಪಟ್ಟಿ ಪ್ರಸಿದ್ಧವಾಯಿತು. ಅದರಲ್ಲಿ ‘ಸೆಪಲ್’ ಎಂದರೆ ಇಳಿದಳ, ‘ಪೆಟಲ್’ ಎಂದರೆ ನಿಲುದಳ. ಸೆಟೋಸಾ ಜಾತಿಯ ಐವತ್ತು ಹೂಗಳಲ್ಲಿ ಒಂದರ ನಿಲುದಳವೂ 2 ಸೆಂಟಿಮೀಟರ್ ಮುಟ್ಟಿಲ್ಲ, ಉಳಿದ ಎರಡು ಜಾತಿಗಳಲ್ಲಿ ಎಲ್ಲವೂ ದಾಟಿವೆ. ಆ ಎರಡನ್ನು ಬೇರ್ಪಡಿಸಲು ಮಾತ್ರ ಅಳತೆ ಒಂದೇ ಸಾಲದು.

ಆನ್‌ಲೈನಿನಲ್ಲಿ ‘ಕಾಮನಬಿಲ್ಲಿನ ಐರಿಸ್ ಬೀಜ’ ಎಂದು ಏಳು ಬಣ್ಣದ ಚಿತ್ರ ಹಾಕಿದ ಪೊಟ್ಟಣ ಕಂಡರೆ ಮುಂದೆ ಹೋಗಿ. ಗಡ್ಡದ ಐರಿಸ್‌ಗೆ ಚಳಿಗಾಲದ ಥಂಡಿ ಬೇಕು, ಮೂರು ಸಾವಿರ ಮಿಲಿಮೀಟರ್ ದಾಟುವ ನಮ್ಮ ಮಳೆಗೆ ಅದರ ಗೆಡ್ಡೆ ಆಟಿ ತಿಂಗಳೊಳಗೆ ಕೊಳೆಯುತ್ತದೆ. ಅದರ ಬದಲು ನೆರೆಮನೆಯವರಲ್ಲಿ ನಡೆಯುವ ಐರಿಸ್‌ನ ಒಂದು ಮರಿ ಕೇಳಿ. ಹೊಯ್ಗೆ ಬೆರೆಸಿದ ಮಣ್ಣು, ಒಂದು ಹಿಡಿ ಹಟ್ಟಿಗೊಬ್ಬರ, ಬೆಳಗಿನ ಬಿಸಿಲು ಬೀಳುವ ಮೂಲೆ ಸಾಕು. ಗಿಡ ಬೇರು ಹಿಡಿಯುವವರೆಗೆ ತಾಯಿಗಿಡದ ಕೋಲನ್ನು ಕತ್ತರಿಸದೆ, ಪಕ್ಕದಲ್ಲೇ ಚಟ್ಟಿಯಿಟ್ಟು ಬಾಗಿಸಿ ಕಲ್ಲು ಹೇರಿದರೆ ಇನ್ನೂ ಒಳ್ಳೆಯದು.