ಹಳೆಯ ಜಾಹೀರಾತು ಬೀಸಣಿಗೆ: ಮಲೆನಾಡಿನ ಮನೆಯಲ್ಲಿ ಕಾಪಾಡುವ ಬಗೆ

ನಮ್ಮ ಚಿಕ್ಕಮಗಳೂರು, ಮೂಡಿಗೆರೆ ಕಡೆ ಕಂಪನಿಗಳು ಜಾಹೀರಾತಿಗೆಂದು ಹಂಚುತ್ತಿದ್ದ ಹಳೆಯ ಚಿತ್ರದ ಕಾಗದದ ಬೀಸಣಿಗೆ ಕೂಡಿಡುವ ಆಸೆಯಿದ್ದವರು, ಅದನ್ನು ಕೊಳ್ಳುವ ಮುಂಚೆ ಇಡುವ ಜಾಗ ನೋಡಿಕೊಳ್ಳಿ. ಆರಿದ್ರಾ ಮಳೆ ಹಿಡಿಯಿತೆಂದರೆ ಮನೆಯೊಳಗಿನ ತೇವ ಶೇ. 80 ದಾಟುವುದು ಹೊಸದೇನಲ್ಲ. ಕಾಗದಕ್ಕೆ ಬೂಷ್ಟು ಬರಲು ಶೇ. 65 ಮೀರಿದರೆ ಸಾಕು. ಹಾಗಾಗಿ ಗೋಡೆಗೆ ತೂಗುಹಾಕಬೇಡಿ. ಬೆಳಕಿಗೆ ಬಣ್ಣವೂ ಹೋಗುತ್ತದೆ. ಮಳೆ ಬಡಿಯುವ ಗೋಡೆಗೆ ತಾಗಿದ ಬೀರು ಬೇಡ, ಅಟ್ಟವಂತೂ ಬೇಡವೇ ಬೇಡ. ನಡುಮನೆಯ ಕಪಾಟಿನ ಮೇಲಿನ ಅರೆ ಒಳ್ಳೆಯದು.

ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳಿನ ಚೀಲ ಇಡಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಎಂಬ ವಿಷಕಾರಿ ಲೋಹದ ಅಂಶ ಇರುತ್ತದೆ, ಮಕ್ಕಳಿರುವ ಮನೆಗೆ ಕಿತ್ತಳೆ ಬಣ್ಣದ್ದೇ ಸರಿ. ಅದು ಹಸಿರಿಗೆ ತಿರುಗಿದರೆ ನೀರು ಹೀರಿ ತುಂಬಿದೆ ಎಂದು ತಿಳಿದು ಬದಲಾಯಿಸಿ. ಬೇವಿನ ಹಸಿ ಸೊಪ್ಪು ಹಾಕಬೇಡಿ, ಅದೇ ತೇವ ತರುತ್ತದೆ. ನುಸಿಗುಳಿಗೆಯೂ ಕಾಗದಕ್ಕೆ ತಾಗಬಾರದು. ಬೀಸಣಿಗೆ ಸುತ್ತಿಡಲು ಪತ್ರಿಕೆಯ ಕಾಗದ ಬಳಸಬೇಡಿ. ಅದರ ಆಮ್ಲ ಪಕ್ಕದ ಕಾಗದವನ್ನೂ ಹಳದಿ ಮಾಡುತ್ತದೆ. ಆಮ್ಲವಿಲ್ಲದ ತೆಳು ಕಾಗದ ತರಿಸಿಕೊಳ್ಳಿ, ಬೆಲೆ ಹೆಚ್ಚಾದರೂ ಇದರಲ್ಲಿ ಜಿಪುಣತನ ಬೇಡ.

ಮಡಿಚುವ ಬೀಸಣಿಗೆಯ ಮಾತು ಬೇರೆ. 1900ರ ಆಚೀಚೆಯಿಂದ 1930ರವರೆಗೆ ಪ್ಯಾರಿಸ್ಸಿನ ಹೋಟೆಲುಗಳು, ಷಾಂಪೇನ್ ಮತ್ತು ಅತ್ತರಿನ ಕಂಪನಿಗಳು ಗಿರಾಕಿಗಳಿಗೆ ಇವನ್ನು ಪುಕ್ಕಟೆ ಹಂಚುತ್ತಿದ್ದವು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬೀಸಣಿಗೆ ತಯಾರಕ ಜೆ. ಗ್ಯಾನೆ ಎಂದೋ, 1827ರಲ್ಲಿ ಶುರುವಾದ ದುವೆಲ್‌ರುವಾ ಎಂಬ ಬೀಸಣಿಗೆ ಅಂಗಡಿಯದೆಂದೋ ಹೆಸರು ಕಾಣಬಹುದು. ಭೂತಗನ್ನಡಿ ಹಿಡಿದು ಬಣ್ಣವನ್ನೂ ನೋಡಿ: ಹಳೆಯ ಕಲ್ಲಚ್ಚಿನಲ್ಲಿ (ಲಿಥೋಗ್ರಾಫ್ ಮುದ್ರಣ) ಚುಕ್ಕೆಗಳು ಅಡ್ಡಾದಿಡ್ಡಿ ಇರುತ್ತವೆ, ಈಗಿನ ಮರುಮುದ್ರಣದಲ್ಲಿ ರಂಗೋಲಿ ಎಳೆಗೆ ಇಟ್ಟ ಚುಕ್ಕೆಯಂತೆ ಸಾಲಾಗಿ ಕೂತಿರುತ್ತವೆ.

ಇಂಥ ಬೀಸಣಿಗೆಯನ್ನು ಒಮ್ಮೆಲೇ ಬಿಚ್ಚಬಾರದು. ಮೇಜಿನ ಮೇಲೆ ಮೆತ್ತಗಿನ ಬಟ್ಟೆ ಹಾಸಿ, ಎರಡೂ ಕೊನೆಯ ಕಡ್ಡಿಗಳನ್ನು ಹಿಡಿದು ಒಂದೊಂದೇ ಮಡಿಕೆ ಬಿಡಿಸಿ. ಬಿರಿಯುವುದು ಮಡಿಕೆಯ ಗೆರೆಯಲ್ಲೇ. ಬಂದವರಿಗೆಲ್ಲ ಬಿಚ್ಚಿ ತೋರಿಸುವ ಬದಲು ಒಮ್ಮೆ ಒಳ್ಳೆಯ ಫೋಟೋ ತೆಗೆದಿಟ್ಟುಕೊಳ್ಳಿ. ರಬ್ಬರ್ ಬ್ಯಾಂಡ್ ಕಟ್ಟಬೇಡಿ, ಅಗಲದ ಹತ್ತಿ ಪಟ್ಟಿ ಸಡಿಲವಾಗಿ ಸುತ್ತಿ.

ಅಮೆರಿಕದ್ದು ಹೆಚ್ಚಾಗಿ ಮರದ ಹಿಡಿಯ ರಟ್ಟಿನ ಬೀಸಣಿಗೆ. ಶವಸಂಸ್ಕಾರದ ಸಂಸ್ಥೆಗಳು ಚರ್ಚಿಗೆ ಬರುವವರಿಗೆ ಹಂಚಿದಂಥವು. ಅದರ ರಟ್ಟನ್ನು ಹಿಡಿಗೆ ಸೇರಿಸಿದ ಪಿನ್ನು ನಮ್ಮ ಹವೆಗೆ ಬೇಗ ತುಕ್ಕು ಹಿಡಿಯುತ್ತದೆ. ಪಕ್ಕದ್ದಕ್ಕೆ ಕಲೆ ಅಂಟದಂತೆ ನಡುವೆ ಕಾಗದ ಇಡಿ.

ಹರಿದರೆ ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಕೊಂದ ಹಾಗೆ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಅದೊಂದನ್ನು ಬೇರೆಯವುಗಳಿಂದ ದೂರವಿಟ್ಟು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಮೃದುವಾದ ಬ್ರಷ್‌ನಿಂದ ಕೊಡವಿ.