ಎಡಗೈಲಿ ಶಾರ್ಟ್‌ಹ್ಯಾಂಡು, ಬಲಗೈಲಿ ಹಾಗಲಕಾಯಿ

ಹಾಗಲಕಾಯಿ ಗೊಜ್ಜನ್ನು ಈಗ ನಾನೇ ಕೇಳಿ ಹಾಕಿಸಿಕೊಂಡು ತಿನ್ನುತ್ತೇನೆ. ಐವತ್ತು ದಾಟಿದವನ ನಾಲಿಗೆ ಬದಲಾಗೋದಿಲ್ಲ ಎಂದು ಪಂಥ ಕಟ್ಟಿದ್ದ ನನ್ನ ಭಾವಮೈದ ಸೋತ ಐನೂರು ರೂಪಾಯಿ ಇನ್ನೂ ಕೊಟ್ಟಿಲ್ಲ, ಅದು ಬೇರೆ ಮಾತು. ಹಾಗಲಕಾಯಿ ಕಂಡರಾಗದವನು ಅದನ್ನು ತಿನ್ನಲು ಕಲಿತದ್ದು ಹೇಗೆ ಎಂದು ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಒಟ್ಟಿಗೆ ಬರೆದು ಬಿಡುತ್ತಿದ್ದೇನೆ. ಗೊಜ್ಜು ಮಾಡೋದು ಹೇಗೆ ಅಂತ ಇಲ್ಲಿ ಹುಡುಕಬೇಡಿ. ಹುಣಸೆಹಣ್ಣು, ಬೆಲ್ಲ, ಹುರಿದ ಪುಡಿ ನಿಮ್ಮ ಮನೆಯಲ್ಲೂ ಇರುತ್ತದೆ.

ಮೊದಲು ದುಡ್ಡು ಹಾಳಾದ ಲೆಕ್ಕ. ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು ಹಿಂಡುವುದು ಎಲ್ಲರೂ ಹೇಳುವ ಉಪಾಯ. ಕಹಿ ಇಳಿಯುತ್ತದೆ, ನಿಜ. ಆದರೆ ಹೋಳು ಹಿಂಡಿದ ಒರೆಸುಬಟ್ಟೆಯ ಹಾಗೆ ನಾರು ನಾರಾಗಿ ಬಾಯಿಗೆ ಸಿಗುತ್ತದೆ. ಹುಳಿಮಜ್ಜಿಗೆಯಲ್ಲಿ ನೆನೆಸಿದ್ದಾಯಿತು. ಕಾಯಿಯಷ್ಟೇ ತೂಕದ ಬೆಲ್ಲ ಹಾಕಿ ಕುದಿಸಿದ್ದೂ ಆಯಿತು. ಅದು ಪಾಕವಾಯಿತೇ ಹೊರತು ಗೊಜ್ಜಾಗಲಿಲ್ಲ, ಪಾತ್ರೆ ಉಜ್ಜಿದವಳ ಬೈಗುಳ ಪ್ರತ್ಯೇಕ. ಚಿಪ್ಸ್ ಮಾಡಿದರೆ ಯಾರು ಬೇಕಾದರೂ ತಿಂದಾರು, ಅದರಲ್ಲಿ ತಿನ್ನುವುದು ಕಾಯಿಯನ್ನಲ್ಲ, ಎಣ್ಣೆಯನ್ನು. ಎಲ್ಲಕ್ಕಿಂತ ಕೆಟ್ಟದ್ದು ಜ್ಯೂಸು. ಬಾಟಲಿಗೆ ಮುನ್ನೂರೈವತ್ತೋ ನಾನೂರೋ ಕೊಟ್ಟು ತಂದದ್ದು ಎರಡು ಗುಟುಕಾದ ಮೇಲೆ ಸಿಂಕಿಗೆ ಹೋಯಿತು.

ಕಹಿ ಕಡಿಮೆ ಇರುವ ತಳಿಯನ್ನೇ ಬೆಳೆದರೆ ಹೇಗೆ ಅಂತ ತಾರಸಿಯಲ್ಲಿ ಮೂರು ಕುಂಡಕ್ಕೆ ‘ಅರ್ಕಾ ಹರಿತ್’ ಹಾಕಿದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ಅದು. ಕಾಯಿ ಗಿಡ್ಡ, ಎರಡೂ ತುದಿ ಚೂಪು, ಬೀಜ ಕಡಿಮೆ, ಕಹಿಯೂ ಹದವಾಗಿ. ಬಳ್ಳಿ ಚೆನ್ನಾಗಿ ಹಬ್ಬಿತು. ಆದರೆ ಹಣ್ಣುನೊಣ ಚುಚ್ಚಿದ ಕಾಯೆಲ್ಲ ಬೆರಳುದ್ದ ಆಗುವಷ್ಟರಲ್ಲಿ ಹಳದಿಗೆ ತಿರುಗಿ ಸೊಟ್ಟಗಾಗಿ ಉದುರಿದವು. ಕುಂಡ, ಗೊಬ್ಬರ, ಬಲೆ ಎಲ್ಲ ಸೇರಿ ಏಳೆಂಟುನೂರು ಖರ್ಚು. ಕೈಗೆ ಬಂದದ್ದು ಎರಡು ಕೆಜಿ ಇದ್ದರೆ ಹೆಚ್ಚು. ಕಾಯಿ, ಬೆಲ್ಲ, ಎಣ್ಣೆ ಎಲ್ಲ ಸೇರಿಸಿದರೆ ಒಟ್ಟು ಮೂರು ಸಾವಿರಕ್ಕೆ ಮೋಸವಿಲ್ಲ.

ಇನ್ನು ಶಾರ್ಟ್‌ಹ್ಯಾಂಡಿನ, ಅಂದರೆ ಮಾತಿನ ವೇಗಕ್ಕೆ ಗೆರೆಗಳಲ್ಲಿ ಬರೆದುಕೊಳ್ಳುವ ಶೀಘ್ರಲಿಪಿಯ ಕಥೆ. ತೊಂಬತ್ತರ ದಶಕದ ಶುರುವಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರೆಲ್ಲ ಬೆಳಿಗ್ಗೆ ಟೈಪಿಂಗ್, ಸಂಜೆ ಶಾರ್ಟ್‌ಹ್ಯಾಂಡ್ ಎಂದು ಇನ್‌ಸ್ಟಿಟ್ಯೂಟಿಗೆ ಹೋಗುತ್ತಿದ್ದೆವು. ನಾನು ಕಲಿತದ್ದು ಪಿಟ್‌ಮನ್ ಪದ್ಧತಿಯ ಇಂಗ್ಲಿಷ್ ಶಾರ್ಟ್‌ಹ್ಯಾಂಡು, ಜೂನಿಯರ್ ಪರೀಕ್ಷೆ ಪಾಸು, ನಿಮಿಷಕ್ಕೆ 80 ಪದ ಸಲೀಸು. ನಾನು ಎಡಚ. ಪಿಟ್‌ಮನ್‌ನಲ್ಲಿ ‘ಪ’ ತೆಳು ಗೆರೆಯಾದರೆ ‘ಬ’ ಅದೇ ಗೆರೆ, ದಪ್ಪಗೆ. ತ-ದ, ಚ-ಜಗಳೂ ಹಾಗೆಯೇ. ಎಡಗೈಯಲ್ಲಿ ಒತ್ತು ಬೀಳಬೇಕಾದಲ್ಲಿ ಬೀಳುವುದಿಲ್ಲ. ‘ನಿನ್ನ ಪೇಪರಲ್ಲಿ ಬೇಬಿಯೂ ಒಂದೇ, ಪೇಪರೂ ಒಂದೇ’ ಎಂದು ಮೇಷ್ಟ್ರು ಪುಸ್ತಕ ಎಸೆದಿದ್ದರು. ಕೆಲಸ ಸಿಕ್ಕಿದ್ದು ಲೆಕ್ಕಪತ್ರದ ವಿಭಾಗದಲ್ಲಿ. ಅಷ್ಟರಲ್ಲಿ ಕಂಪ್ಯೂಟರು ಬಂತು, ಡಿಕ್ಟೇಶನ್ ಕೊಡುವ ಸಾಹೇಬರೇ ಇಲ್ಲವಾದರು. ಮೂವತ್ತು ವರ್ಷ ಆ ವಿದ್ಯೆ ದಿನಸಿ ಚೀಟಿ ಬರೆಯುವುದಕ್ಕೂ ಒದಗಲಿಲ್ಲ.

ಒದಗಿದ್ದು ಊಟದ ತಟ್ಟೆಯ ಪಕ್ಕದಲ್ಲಿ. ನಾಲಿಗೆಗೆ ಏನು ಹಿಡಿಸಲಿಲ್ಲ ಎನ್ನುವುದು ಊಟ ಮುಗಿಸಿ ಕೈ ತೊಳೆದ ಮೇಲೆ ನೆನಪಿರುವುದಿಲ್ಲ. ‘ಥೂ, ಕಹಿ’ ಅನ್ನುವಷ್ಟೇ ಉಳಿಯುತ್ತದೆ. ತುತ್ತು ಬಾಯಲ್ಲಿದ್ದಾಗಲೇ ಬರೆಯಬೇಕು. ಬಲಗೈ ಅನ್ನದಲ್ಲಿ, ಎಡಗೈಯಲ್ಲಿ 2ಬಿ ಪೆನ್ಸಿಲು. ಹಿಂದೆ ಮೇಷ್ಟ್ರ ಕೈಲಿ ಬೈಸಿಕೊಂಡ ಕೈಗೆ ಈ ಅನುಕೂಲ ಇದೆ ನೋಡಿ, ಬಲಗೈಯವರು ಯಾರೂ ಇದನ್ನು ಮಾಡಲಾರರು. ಹೆಂಡತಿಗೆ ಈ ಗೆರೆಗಳನ್ನು ಓದಲು ಬರುವುದಿಲ್ಲ ಎನ್ನುವುದು ಇನ್ನೊಂದು ಅನುಕೂಲ, ಅಡುಗೆಯ ವಿಮರ್ಶೆ ಧೈರ್ಯವಾಗಿ ಬರೆಯಬಹುದು.

ಇಂಗ್ಲಿಷ್ ಗೆರೆಯಲ್ಲಿ ಕನ್ನಡ ಬರೆಯುವಾಗ ಒಂದು ತೊಡಕಿದೆ. ಸ್ವರ ಬಿಟ್ಟು ಬರೆದರೆ ಬೇಳೆ, ಬಾಳೆ ಎರಡೂ ಒಂದೇ ರೂಪ: ಕೆಳಗಿಳಿಯುವ ದಪ್ಪ ಓರೆ ಗೆರೆ, ಅಲ್ಲಿಂದ ಮೇಲೇರುವ ಬಿಲ್ಲು. ಹಾಗಲಕಾಯಿಗೆ ಬೇಳೆ ಬೆರೆಸಿದ್ದೋ ಬಾಳೆಕಾಯಿ ಬೆರೆಸಿದ್ದೋ ಮಾರನೇ ವಾರ ತಿಳಿಯದೆ ಒಂದು ಇಡೀ ಪುಟ ದಂಡವಾಯಿತು. ಆಮೇಲೆ ಹಳೆಯ ನಿಯಮ ನೆನಪಿಗೆ ಬಂತು. ಮೊದಲ ಸ್ವರ ‘ಆ’ ಆದರೆ ರೂಪವನ್ನು ಸಾಲಿನ ಮೇಲಕ್ಕೆ ಎತ್ತಿ ಬರೆಯುವುದು, ‘ಏ’ ಆದರೆ ಸಾಲಿಗೇ ತಾಗಿಸುವುದು. ಇಷ್ಟು ಮಾಡಿದ ಮೇಲೆ ತಂಟೆಯಿಲ್ಲ. ಹಾಗಲಕಾಯಿಗೆ ಮಾತ್ರ ನಾನೇ ಒಂದು ಚಿಹ್ನೆ ಕಟ್ಟಿಕೊಂಡೆ, ಒಂದು ಸುಳಿ ಮತ್ತು ಚುಕ್ಕಿ.

ಒಂದೂವರೆ ತಿಂಗಳ ಸುಮಾರಿಗೆ ಪುಟಗಳನ್ನು ಹರವಿಕೊಂಡು ಕೂತರೆ, ತಕರಾರು ಇದ್ದದ್ದು ಕಹಿಯ ಮೇಲೆ ಅಲ್ಲವೇ ಅಲ್ಲ. ಕಾಫಿ ಕಹಿಯಲ್ಲವೇ, ಅದನ್ನು ಹುಟ್ಟಿದಾಗಿನಿಂದ ಕುಡಿಯುತ್ತಿದ್ದೇನೆ. ತಕರಾರು ಮೂರು ಕಡೆ: ಕಾಯಿ ಬಿಸಿಯಾಗಿದ್ದಾಗ, ಬಲಿತ ಬೀಜ ಹಲ್ಲಿಗೆ ಸಿಕ್ಕಾಗ, ತಿಂದ ತಕ್ಷಣ ನೀರು ಕುಡಿದಾಗ. ಈ ನೀರಿನದ್ದೇ ದೊಡ್ಡ ಪಾಲು. ನೀರು ಕುಡಿದರೆ ಕಹಿ ಹೋಗುತ್ತದೆ ಅಂತ ಎಲ್ಲರೂ ಕುಡಿಯುತ್ತಾರೆ, ನನಗೆ ಅದು ಗಂಟಲಿನವರೆಗೆ ಹರಡುತ್ತಿತ್ತು. ಹಾಗಾಗಿ ಎಳೆಯ ಕಾಯಿ, ಬೀಜ ಪೂರ್ತಿ ತೆಗೆದದ್ದು, ಗೊಜ್ಜು ಹಿಂದಿನ ದಿನವೇ ಮಾಡಿ ಆರಿಸಿ ಇಟ್ಟದ್ದು, ಸಾರನ್ನ ಮುಗಿದ ಮೇಲೆ ಮೊಸರನ್ನದ ಜೊತೆ, ನೀರಿನ ಲೋಟ ದೂರ. ಮೊದಲು ಹೆಬ್ಬೆರಳಿನ ಉಗುರಿನಷ್ಟು ಹೋಳು, ಆಮೇಲೆ ಎರಡು, ಹೀಗೆ. ಎರಡು ಮೂರು ತಿಂಗಳಲ್ಲಿ ಬಿಸಿ ಪಲ್ಯಕ್ಕೂ ಬಂದೆ. ಗೊಜ್ಜಿಗೆ ಕೊನೆಯಲ್ಲಿ ಚಿಟಿಕೆಯಷ್ಟು ಬೀಳುವ ವಸ್ತು ಒಂದಿದೆ. ಅದನ್ನು ಭಾವಮೈದ ದುಡ್ಡು ಕೊಟ್ಟ ಮೇಲೆ ನೋಡೋಣ.

ಸಕ್ಕರೆ ಕಾಯಿಲೆಗೆ ಒಳ್ಳೆಯದಂತಲ್ಲ ಎಂದು ಬರುವವರಿಗೆ: ನನಗೆ ಗೊತ್ತಿಲ್ಲದ ಔಷಧದ ವಿಷಯ ನಾನು ಹೇಳುವುದಿಲ್ಲ, ನನ್ನ ಮಾತ್ರೆ ನಾನು ಬಿಟ್ಟಿಲ್ಲ. ಔಷಧಿ ಅಂತ ತಿನ್ನಲು ಕೂತಷ್ಟೂ ದಿನ ಒಂದು ಹೋಳೂ ಒಳಗೆ ಹೋಗಲಿಲ್ಲ ಎನ್ನುವುದಂತೂ ನನ್ನ ನೋಟ್ಸಿನಲ್ಲಿದೆ.

ಇದೇ ಹುರುಪಿನಲ್ಲಿ ಕಾಫಿಯ ಸಕ್ಕರೆಗೂ ಕೈ ಹಾಕಿದೆ. ಎರಡು ಚಮಚದಿಂದ ಕಾಲು ಕಾಲು ಚಮಚ ಇಳಿಸುತ್ತ ಅರ್ಧಕ್ಕೆ ಬಂದು ನಿಂತಿದ್ದೇನೆ. ಅಲ್ಲಿಂದ ಕೆಳಗೆ ಇಳಿಸಿದರೆ ಆಫೀಸಿನಲ್ಲಿ ಜಗಳ ಜಾಸ್ತಿಯಾಗುತ್ತದೆ ಎಂದು ಸಹೋದ್ಯೋಗಿಗಳ ದೂರು. ಬೆಂಡೆಕಾಯಿಯ ಲೋಳೆ ಸುಲಭಕ್ಕೆ ಬಗ್ಗಿತು. ತೊಳೆದು ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಹೆಚ್ಚಿ, ಮುಚ್ಚಳ ಹಾಕದೆ ಹುರಿದರೆ ಅರ್ಧ ಕೆಲಸ ಮುಗಿಯಿತು. ನೋಟ್ಸಿನ ಅಗತ್ಯವೇ ಬೀಳಲಿಲ್ಲ.

ಸೋತದ್ದು ಮೂಲಂಗಿಗೆ. ತುತ್ತು ಬಾಯಿಗೆ ಬರುವ ಮೊದಲೇ, ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ವಾಸನೆ ಮೂಗಿಗೆ ಬಂದಿರುತ್ತದೆ, ತಟ್ಟೆಯ ಪಕ್ಕದಲ್ಲಿ ಬರೆದು ಏನು ಪ್ರಯೋಜನ? ಸದ್ಯ ಹಸಿ ಮೂಲಂಗಿಯ ಕೋಸಂಬರಿಯಿಂದ ಶುರು ಮಾಡಿದ್ದೇನೆ, ಬೇಯಿಸಿದ್ದರ ಹತ್ತಿರ ಇನ್ನೂ ಹೋಗಿಲ್ಲ. ಶಾರ್ಟ್‌ಹ್ಯಾಂಡ್ ಬರೆಯುವ ಸ್ಟೆನೋ ಪ್ಯಾಡು ಮೂವತ್ತು ನಲವತ್ತು ರೂಪಾಯಿಗೆ ಸಿಕ್ಕಿತ್ತು, ಎರಡನೆಯದು ನಡೆಯುತ್ತಿದೆ.