ಬೋಲ್ಟ್ ಹಾಕಿದ ಪ್ಲೇಟ್ ಜಾರದಿರಲು ಯಾವ ಲೇಪನ, ಹೇಗೆ?

ಫ್ರಿಕ್ಷನ್ ಗ್ರಿಪ್ ಬೋಲ್ಟ್ ಹಾಕುವ ಉಕ್ಕಿನ ಜೋಡಣೆಯಲ್ಲಿ ಬೋಲ್ಟಿನ ಕೆಲಸ ಪ್ಲೇಟುಗಳನ್ನು ಒತ್ತಿ ಹಿಡಿಯುವುದಷ್ಟೆ. ಭಾರ ತಡೆಯುವುದು ಪ್ಲೇಟುಗಳ ನಡುವಿನ ಘರ್ಷಣೆ. ಆದರೂ ನಮ್ಮ ಕಣ್ಣೆಲ್ಲ ಬೋಲ್ಟಿನ ಮೇಲೇ, ಅಲ್ವಾ?

ಉಕ್ಕಿನ ಕಟ್ಟಡಗಳ ಭಾರತೀಯ ಮಾನಕ ಐಎಸ್ 800:2007ರ ಪಟ್ಟಿಯ ಪ್ರಕಾರ ಕೆಂಪು ಸೀಸದ ಬಣ್ಣ ಬಳಿದ ಮೈಯ ಘರ್ಷಣಾಂಕ (ಒತ್ತುವ ಬಲದ ಎಷ್ಟು ಪಾಲು ಜಾರುವಿಕೆಯನ್ನು ತಡೆಯುತ್ತದೆ ಎಂಬ ಅಳತೆ) 0.10. ಬ್ಲಾಸ್ಟ್ ಮಾಡಿ, ಅಂದರೆ ಗ್ರಿಟ್ (ಗಟ್ಟಿ ಹರಳು) ರಭಸದಿಂದ ಹೊಡೆದು ಮೈ ಉಜ್ಜಿ, ಕರಗಿಸಿದ ಅಲ್ಯೂಮಿನಿಯಂ ಸಿಂಪಡಿಸಿದ್ದರೆ 0.50. ಎಂ20 (20 ಮಿಲಿಮೀಟರ್ ವ್ಯಾಸದ), 8.8 ಎಂಬ ಬಲದ ದರ್ಜೆಯ ಬೋಲ್ಟ್ ಸುಮಾರು 137 ಕಿಲೋನ್ಯೂಟನ್ ಬಲದಿಂದ ಒತ್ತುತ್ತದೆ. ಸುರಕ್ಷತಾ ಅಂಶ ಕಳೆಯುವ ಮೊದಲು, ಮೊದಲನೆಯದರಲ್ಲಿ ಸಿಗುವ ತಡೆ ಸುಮಾರು 14 ಕಿಲೋನ್ಯೂಟನ್, ಎರಡನೆಯದರಲ್ಲಿ 68. ಬೋಲ್ಟ್ ಅದೇ!

ಮೊದಲು ತೂತಿನ ಅಂಚಿನ ಬರ್ (ಕೊರೆದಾಗ ಎದ್ದ ಚೂಪು ಲೋಹ) ತೆಗೆಯಿರಿ. ಅದು ಉಳಿದರೆ ಪ್ಲೇಟುಗಳು ಸರಿಯಾಗಿ ಕೂರುವುದಿಲ್ಲ. ಆಮೇಲೆ ಎಣ್ಣೆ, ಜಿಡ್ಡು ಒರೆಸಿ. ಇದು ಬ್ಲಾಸ್ಟಿಂಗ್‌ಗೆ ಮುಂಚೆಯೇ ಆಗಬೇಕು, ಇಲ್ಲದಿದ್ದರೆ ಗ್ರಿಟ್ ಜಿಡ್ಡನ್ನು ಎಲ್ಲೆಡೆ ಹರಡುತ್ತದೆ. ಬ್ಲಾಸ್ಟ್ ಮಾಡಿದ ಮೈ ಬೇಗ ತುಕ್ಕು ಹಿಡಿಯುವುದರಿಂದ ಲೇಪನವನ್ನು ತಡಮಾಡಬೇಡಿ.

ಅಲ್ಯೂಮಿನಿಯಂ ಆದರೆ 50 ಮೈಕ್ರಾನ್‌ಗಿಂತ ಜಾಸ್ತಿ ದಪ್ಪ ಬೇಕು. ಅದಕ್ಕೆ ಸಲಕರಣೆ ಇಲ್ಲದಿದ್ದರೆ ಈಥೈಲ್ ಜಿಂಕ್ ಸಿಲಿಕೇಟ್ ಎಂಬ ಸತುವಿನ ಪೇಂಟ್ ಇದೆ: 60ರಿಂದ 80 ಮೈಕ್ರಾನ್, ಘರ್ಷಣಾಂಕ 0.30. ಇದು ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುತ್ತದೆ. ಒಣ ಹವೆಯಲ್ಲಿ ನಿಧಾನ, ಆಗ ತಯಾರಕರು ಹೇಳಿದಂತೆ ನೀರು ಚಿಮುಕಿಸಿ. ಒಂದು ಕೈ ಜಾಸ್ತಿ ಇರಲಿ ಅಂತ ದಪ್ಪಗೆ ಹೊಡೆದರೆ ಬಿರುಕು ಬಿಡುತ್ತದೆ. ಗೇಜ್ ಇಟ್ಟು ಅಳೆಯಿರಿ, ಕಣ್ಣಳತೆ ಬೇಡ.

ಬ್ಲಾಸ್ಟ್ ಮಾಡಿ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ, ಅಂದರೆ ಕರಗಿದ ಸತುವಿನಲ್ಲಿ ಅದ್ದಿದ ಮೈ? ತುಕ್ಕಿಗೆ ಒಳ್ಳೆಯದು, ಹಿಡಿತಕ್ಕಲ್ಲ. ಅದೇ ಪಟ್ಟಿಯಲ್ಲಿ ಅದಕ್ಕೂ 0.10 ಮಾತ್ರ.

ಮಾಮೂಲಿ ಪೇಂಟ್ ಹೊಡೆಯುವಾಗ ಪ್ಲೇಟುಗಳು ಒಂದಕ್ಕೊಂದು ತಾಗುವ ಮೈಗೆ ಟೇಪ್ ಅಂಟಿಸಿ, ಜೋಡಿಸುವಾಗ ತೆಗೆಯಿರಿ. ಎಲ್ಲವನ್ನೂ ಒಂದೇ ಸಲ ಬಳಿದುಬಿಡುವ ಆತುರವೇ ಹೆಚ್ಚಿನ ಕಡೆ ಕೆಲಸ ಕೆಡಿಸುವುದು. ನಟ್‌ನ ಎಳೆಗೆ ಗ್ರೀಸ್ ಇರಬಹುದು, ಪ್ಲೇಟಿನ ಮೈಗೆ ಮಾತ್ರ ತಾಗಕೂಡದು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಬಿಗಿಯುತ್ತಾ ಬನ್ನಿ, ಪೂರ್ತಿ ಬಿಗಿಯಾದ ಮೇಲೆ ಹೊರಗಿನ ಅಂಚಿಗೆ, ಬೋಲ್ಟ್ ತಲೆಗೆ ಪೇಂಟ್ ಹಾಕಿ.